ಪರವೂರ ಪಂದ್ಯ, ಪರವೂರ ಪಬ್ಬು

ಬರ್ಟನ್ ಅಪಾನ್ ಟ್ರೆಂಟ್ ನಿಲ್ದಾಣದಲ್ಲಿ ರೈಲಿಳಿದ ಕೂಡಲೇ ಮೂಗಿಗೆ ಬಡಿದದ್ದು ಬೇಯುತ್ತಿರುವ ಧಾನ್ಯದ ವಾಸನೆ. ದೊಡ್ಡ ಹಂಡೆಯಲ್ಲಿ ಅಂಬಲಿ ಕಾಯಿಸುತ್ತಿದ್ದಾರೇನೋ ಅನ್ನಿಸುವ ಹಾಗಿತ್ತು. ಇಡೀ ಊರೇ ಬೀರಿನದು. ಅಲ್ಲಿನ ಫುಟ್‌ಬಾಲ್ ತಂಡ ಬರ್ಟನ್ ಆಲ್ಬಿಯನ್‌ಗೆ ಇರುವ ಅಡ್ಡಹೆಸರೂ ‘ಬ್ರೂವರ್ಸ್’. ನಮ್ಮದು ಬ್ರೆಂಟ್‌ಫರ್ಡ್ ತಂಡದ ಹಿಂದೆ ಊರೂರು ಅಲೆಯುವ ಐದಾರು ಜನರ ಗುಂಪು. ಪಂದ್ಯ ಇದ್ದದ್ದು ಮೂರು ಗಂಟೆಗೆ, ನಾವು ಇಳಿದದ್ದು ಹನ್ನೊಂದೂವರೆಗೆ. ನಡುವಿನ ಹೊತ್ತು ಎಲ್ಲಿ ಕಳೆಯಬೇಕೆಂದು ಯಾರೂ ಯಾರನ್ನೂ ಕೇಳಲಿಲ್ಲ. ಇಂಗ್ಲೆಂಡಿನಲ್ಲಿ ಪರವೂರ ಪಂದ್ಯಕ್ಕೆ ಹೋಗುವುದೆಂದರೆ ಮೊದಲು ಆ ಊರಿನ ಪಬ್ಬಿಗೆ ಹೋಗುವುದು.

ಇದು ಕುಡಿಯಲು ಹುಡುಕಿಕೊಂಡ ನೆವ ಎನ್ನುವವರಿದ್ದಾರೆ. ನನಗೆ ಹಾಗೆ ಕಂಡಿಲ್ಲ. ಮೈದಾನದೊಳಗೆ ನಾವು ಆ ಊರಿನ ಒಬ್ಬರನ್ನೂ ಭೇಟಿಯಾಗುವುದಿಲ್ಲ. ಪರವೂರಿನವರಿಗೆ ಬೇರೆ ಗೇಟು, ಬೇರೆ ಸ್ಟ್ಯಾಂಡು, ನಡುವೆ ಹಳದಿ ಕೋಟಿನ ಕಾವಲುಗಾರರ ಸಾಲು. ಪಬ್ಬಿಗೆ ಕಾಲಿಡದೆ ಹಿಂದಿರುಗಿದವನು ಆ ಊರನ್ನು ನೋಡಿಯೇ ಇಲ್ಲ.

ಬರ್ಟನ್ನಿನ ಕೂಪರ್ಸ್ ಟ್ಯಾವರ್ನ್ ಇದಕ್ಕೆ ಒಳ್ಳೆಯ ಸಾಕ್ಷಿ. ಚಿಕ್ಕ ಚಿಕ್ಕ ಕೋಣೆಗಳ ಹಳೆಯ ಪಬ್ಬು ಅದು. ಹಿಂಬದಿಯ ಕೋಣೆಯಲ್ಲಿ ಪೀಪಾಯಿಗಳನ್ನು ಮಲಗಿಸಿಟ್ಟಿರುತ್ತಾರೆ. ಬಾಸ್ ಬೀರನ್ನು ಪಂಪಿನಿಂದ ಎಳೆಯದೆ ಪೀಪಾಯಿಯ ನಲ್ಲಿಯಿಂದಲೇ ಹಿಡಿದುಕೊಡುತ್ತಾರೆ. ನೊರೆ ಕಡಿಮೆ, ತಂಪೂ ಕಡಿಮೆ. ಮೊದಲ ಗುಟುಕಿಗೆ ಗಂಧಕದ ಸಣ್ಣ ವಾಸನೆ. ಪಕ್ಕದ ಬೆಂಚಿನಲ್ಲಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ, ಅದು ಬೀರಿನ ದೋಷವಲ್ಲ, ಊರ ನೀರಿನ ಗುಣ ಎಂದರು. ಅಲ್ಲಿನ ಬಾವಿಗಳ ನೀರಿನಲ್ಲಿ ಜಿಪ್ಸಮ್ ಹೆಚ್ಚು. ಕಹಿ ಚೆನ್ನಾಗಿ ಹಿಡಿಯುವ ತಿಳಿ ಬೀರಿಗೆ ಅಂಥ ನೀರೇ ಬೇಕು. ನಾನು ಕರ್ನಾಟಕದವನು ಎಂದು ತಿಳಿದ ಮೇಲಂತೂ ಅವರ ಮಾತು ನಿಲ್ಲಲಿಲ್ಲ. 19ನೆಯ ಶತಮಾನದಲ್ಲಿ ಆಲ್ಸಪ್, ಬಾಸ್ ಕಂಪನಿಗಳು ಇದೇ ಊರಿನಿಂದ ಹಡಗುಗಟ್ಟಲೆ ಬೀರನ್ನು ನಮ್ಮ ದೇಶಕ್ಕೆ ಕಳಿಸಿದವು. ಇಂದು ಬೆಂಗಳೂರಿನ ಬ್ರೂಪಬ್ಬುಗಳ ಪಟ್ಟಿಯಲ್ಲಿ ಕಾಣುವ ‘ಇಂಡಿಯಾ ಪೇಲ್ ಏಲ್’ ಹೆಸರಿನ ಹಿಂದೆ ಈ ಊರಿದೆ. ಹೊರಡುವಾಗ ಆ ಹಿರಿಯರು ನನ್ನ ಕೈ ಕುಲುಕಿ, ನಿಮ್ಮ ತಂಡ ಸೋಲಲಿ ಎಂದು ಹಾರೈಸಿದರು. ಅಂಥ ಪ್ರೀತಿ ಮೈದಾನದೊಳಗೆ ಸಿಗುವುದಿಲ್ಲ.

ಪಬ್ಬಿಗೂ ಫುಟ್‌ಬಾಲಿಗೂ ನಂಟು ಹೊಸತೇನಲ್ಲ. ಎವರ್ಟನ್ ತಂಡ ಆನ್‌ಫೀಲ್ಡ್‌ನಲ್ಲಿ ಆಡುತ್ತಿದ್ದ ಕಾಲದಲ್ಲಿ ಆಟಗಾರರು ಬಟ್ಟೆ ಬದಲಿಸುತ್ತಿದ್ದದ್ದು ಹತ್ತಿರದ ಸ್ಯಾಂಡನ್ ಪಬ್ಬಿನಲ್ಲಿ. ಅದರ ಒಡೆಯ ಜಾನ್ ಹೌಲ್ಡಿಂಗ್ ಬೀರು ತಯಾರಕ. ಕ್ಲಬ್ಬಿನ ಮುಖ್ಯಸ್ಥನೂ ಅವನೇ. ಮೈದಾನದ ಬಾಡಿಗೆ ಮತ್ತು ಅವನ ವ್ಯಾಪಾರದ ಹಿಡಿತದ ಮೇಲೆ ಜಗಳ ಹತ್ತಿ, 1892ರಲ್ಲಿ ಎವರ್ಟನ್ ಗುಡಿಸನ್ ಪಾರ್ಕಿಗೆ ಹೊರಟುಹೋಯಿತು. ಖಾಲಿ ಮೈದಾನ ಉಳಿಸಿಕೊಂಡ ಹೌಲ್ಡಿಂಗ್ ಹೊಸ ತಂಡ ಕಟ್ಟಿದ. ಅದೇ ಲಿವರ್‌ಪೂಲ್.

ಇಷ್ಟಾದರೂ ಈ ರೂಢಿಯಲ್ಲಿ ಹುಳುಕಿಲ್ಲ ಎನ್ನಲಾರೆ. ಬೆಳಗಿನ ರೈಲಿನಲ್ಲೇ ಡಬ್ಬಿ ಒಡೆದು, ನಿಲ್ದಾಣದ ಎದುರಿನ ಮೊದಲ ಬಾರಿಗೆ ನುಗ್ಗಿ, ಒಬ್ಬರಾದ ಮೇಲೊಬ್ಬರು ಎಲ್ಲರಿಗೂ ಬೀರು ತರಿಸಿ, ಕಿಕ್‌ಆಫ್ ಹೊತ್ತಿಗೆ ಯಾವ ಊರೆಂಬುದೂ ನೆನಪಿರದ ಗುಂಪುಗಳನ್ನು ನಾನು ಬಹಳ ಕಂಡಿದ್ದೇನೆ. ಅಂಥವರಿಂದಾಗಿಯೇ ಪಂದ್ಯದ ದಿನ ಎಷ್ಟೋ ಪಬ್ಬುಗಳ ಬಾಗಿಲಲ್ಲಿ ‘ಸ್ಥಳೀಯ ಅಭಿಮಾನಿಗಳಿಗೆ ಮಾತ್ರ’ ಎಂಬ ಚೀಟಿ ಬೀಳುತ್ತದೆ. ಒಂದು ಊರಿನ ಪಬ್ಬಿನ ಬಾಗಿಲಲ್ಲಿ ನಮ್ಮ ಗುಂಪಿನವರನ್ನೆಲ್ಲ ಒಳಗೆ ಬಿಟ್ಟು ನನ್ನ ಟಿಕೆಟನ್ನು ಮಾತ್ರ ಎರಡು ಸಲ ತಿರುಗಿಸಿ ನೋಡಿದರು. ನನ್ನ ಮೈಬಣ್ಣ ಬಿಟ್ಟರೆ ಬೇರೆ ಕಾರಣ ನನಗೆ ತೋಚಲಿಲ್ಲ. ಗೆಳೆಯರು ಗ್ಲಾಸುಗಳನ್ನು ಅಲ್ಲೇ ಇಟ್ಟು ನನ್ನ ಜತೆ ಹೊರಗೆ ಬಂದರು. ಅದನ್ನು ಮರೆಯಲಾರೆ.

ಈ ಆತುರದ ಕುಡಿತದಲ್ಲಿ ಕಾನೂನಿನ ಪಾಲೂ ಇದೆ. 1985ರ ಕಾಯ್ದೆಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫುಟ್‌ಬಾಲ್ ಪಂದ್ಯಕ್ಕೆಂದು ಬಾಡಿಗೆಗೆ ಹಿಡಿದ ಬಸ್ಸಿನಲ್ಲಿ ಮದ್ಯ ಒಯ್ಯುವಂತಿಲ್ಲ; ಆಟ ಕಣ್ಣಿಗೆ ಕಾಣುವ ಜಾಗದಲ್ಲಿ ಕೂತು ಕುಡಿಯುವಂತಿಲ್ಲ. ಕ್ರಿಕೆಟ್, ರಗ್ಬಿ ನೋಡುವವರಿಗೆ ಈ ನಿರ್ಬಂಧವಿಲ್ಲ. ಆ ವರ್ಷಗಳ ಫುಟ್‌ಬಾಲ್ ಗಲಭೆಗಳನ್ನು ನೆನೆದರೆ ಕಾಯ್ದೆ ಏಕೆ ಬಂತೆಂದು ಅರ್ಥವಾಗುತ್ತದೆ. ಆದರೆ ನಿಧಾನ ಕುಡಿಯುವವನೂ ಅದರಿಂದಾಗಿ ಎರಡೂಮುಕ್ಕಾಲಿಗೆ ಕೊನೆಯ ಪಿಂಟನ್ನು ಗಟಗಟ ಇಳಿಸುತ್ತಾನೆ. ಫುಟ್‌ಬಾಲ್ ಆಡಳಿತದ ಬಗ್ಗೆ 2021ರಲ್ಲಿ ಬಂದ ಟ್ರೇಸಿ ಕ್ರೌಚ್ ವರದಿ, ಕೆಳದರ್ಜೆಯ ಲೀಗುಗಳಲ್ಲಾದರೂ ಈ ನಿಯಮ ಸಡಿಲಿಸಿ ನೋಡಿ ಎಂದಿತ್ತು. ಆ ಸಲಹೆ ಸರಿ ಎಂದೇ ನನ್ನ ಅಭಿಪ್ರಾಯ.

ಟಿವಿ ಮಾಡಿದ ಹಾನಿ ಈ ಕಾಯ್ದೆಯದಕ್ಕಿಂತ ದೊಡ್ಡದು. ಶನಿವಾರ ಮೂರು ಗಂಟೆಯ ಪಂದ್ಯ ಪ್ರಸಾರಕ್ಕೆಂದು ಹನ್ನೆರಡೂವರೆಗೋ ಸೋಮವಾರ ರಾತ್ರಿಗೋ ಸರಿದರೆ ಪಬ್ಬಿಗೆ ಹೊತ್ತಿಲ್ಲ, ವಾಪಸು ರೈಲಿಲ್ಲ. ಪ್ರೀಮಿಯರ್ ಲೀಗ್ 2016ರಲ್ಲಿ ಪರವೂರ ಟಿಕೆಟ್ಟಿಗೆ 30 ಪೌಂಡಿನ ಮಿತಿ ಹಾಕಿದ್ದು ಒಳ್ಳೆಯದೇ. ಆದರೆ ಅಭಿಮಾನಿ ಕಳೆದುಕೊಂಡ ಪಬ್ಬಿನ ಹೊತ್ತಿಗೆ ಯಾರೂ ಲೆಕ್ಕ ಕಟ್ಟಿಲ್ಲ.

ಪಬ್ಬಿನ ಆ ಹೊತ್ತಿಗೆ ನಮ್ಮಲ್ಲೂ ಬೆಲೆಯಿತ್ತು. ಬ್ರೆಂಟ್‌ಫರ್ಡಿನ ಹಳೆಯ ಮೈದಾನ ಗ್ರಿಫಿನ್ ಪಾರ್ಕ್ ಹೆಸರುವಾಸಿಯಾಗಿದ್ದದ್ದೇ ನಾಲ್ಕು ಮೂಲೆಗೆ ನಾಲ್ಕು ಪಬ್ಬಿದ್ದ ಕಾರಣಕ್ಕೆ. ಪರವೂರಿನವರು ನಾಲ್ಕನ್ನೂ ಸುತ್ತಿಯೇ ಒಳಗೆ ಬರುತ್ತಿದ್ದರು. 2020ರಲ್ಲಿ ತಂಡ ಅಲ್ಲಿಂದ ಹೊಸ ಮೈದಾನಕ್ಕೆ ಹೋಯಿತು.

ಇಂಗ್ಲೆಂಡಿನಲ್ಲಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ದೊಡ್ಡ ತಂಡದ ಟಿಕೆಟು ಸಿಗಲಿಲ್ಲವೆಂದು ಟಿವಿ ಮುಂದೆ ಕೂರಬೇಡಿ. ನಿಮ್ಮೂರಿನ ಸಣ್ಣ ತಂಡದ ಹಿಂದೆ ಒಂದು ಶನಿವಾರ ಬೆಳಿಗ್ಗೆಯೇ ಹೊರಡಿ. ಕುಡಿಯದವರಾದರೆ ನಿಂಬೆ ಸೋಡಾ ತೆಗೆದುಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ. ಪಕ್ಕದ ಬೆಂಚಿನಲ್ಲಿರುವವರನ್ನು ಅವರ ಊರಿನ ಬಗ್ಗೆ ಕೇಳಿ.