ರಘು ದೀಕ್ಷಿತರ ‘ಅಂತರಾಗ್ನಿ’

ಮೈಸೂರಿನಲ್ಲಿ ಬೆಳೆದು ಬೆಂಗಳೂರನ್ನು ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡ ಶ್ರೀ ರಘು ದೀಕ್ಷಿತರ ಪ್ರಥಮ ಗೀತಸಂಪುಟವು 2008ನೆಯ ಇಸವಿಯಲ್ಲಿ, ಮುಂಬಯಿಯ ಸಂಗೀತನಿರ್ದೇಶಕರಾದ ವಿಶಾಲ್-ಶೇಖರರ ಸಂಸ್ಥೆಯಿಂದ ಪ್ರಕಟವಾಯಿತು. ದೀಕ್ಷಿತರ ಹಿಂದಣ ಮೇಳದ ಹೆಸರಾದ ‘ಅಂತರಾಗ್ನಿ’ಯೇ ಸಂಪುಟಕ್ಕೂ ಹೆಸರಾಯಿತು. ಕನ್ನಡ, ಹಿಂದಿ, ಇಂಗ್ಲಿಷ್ ಎಂಬ ಮೂರು ಭಾಷೆಗಳೂ, ಗಿಟಾರು ಪಿಟೀಲುಗಳೂ, ಜಾನಪದದ ಧಾಟಿಯೂ ರಾಕ್ ಸಂಗೀತದ ಅಬ್ಬರವೂ ಒಂದೆಡೆ ಸೇರಿರುವುದನ್ನು ಕಂಡು ಇದನ್ನು ಕಲಸುಮೇಲೋಗರವೆಂದು ತಳ್ಳಿಬಿಡುವುದು ಸುಲಭ. ಆದರೆ ಬೆರಕೆಯೇ ದೋಷವಲ್ಲ. ಬೆರಕೆಗೆ ಕಾರಣವುಂಟೆ ಎಂಬುದೇ ವಿಚಾರಣೀಯ.

ಇಂಗ್ಲಿಷ್ ಗೀತಗಳಲ್ಲಿ ಅಂಥ ಕಾರಣವು ತೋರದು. ಅವು ಇಂಪಾಗಿವೆ, ಆದರೆ ಯಾವ ನಗರದ ಯಾವ ಗಾಯಕನಾದರೂ ಹಾಡಬಹುದಾದವು. ಮೈಸೂರಿನ ಹೆಣ್ಣನ್ನು ಕುರಿತು ಮೈಸೂರಿನ ಗಾಯಕನು ಹಿಂದಿಯಲ್ಲಿ ಹಾಡಬೇಕಾಗಿ ಬಂದುದು ಸಂಗೀತವ್ಯಾಪಾರದ ಒಂದು ವಿನೋದವೆನ್ನಬೇಕು.

ಸಂಪುಟದ ಸತ್ತ್ವವಿರುವುದು ಶಿಶುನಾಳ ಷರೀಫರ ಎರಡು ಪದಗಳಲ್ಲಿ. ಬೆಂಗಳೂರಿನ ಜಯನಗರ, ಬನಶಂಕರಿಗಳ ಮನೆಗಳಿಗೆ ಈ ಪದಗಳು ಬಂದುದು ಹೆಚ್ಚಾಗಿ ಸಿ. ಅಶ್ವತ್ಥರ ಕಂಠದಿಂದ. 1990ರ ‘ಸಂತ ಶಿಶುನಾಳ ಶರೀಫ’ ಚಲಚ್ಚಿತ್ರದ ಬಳಿಕ ಆ ಧಾಟಿಯೇ ಮೂಲಧಾಟಿಯೆಂಬ ಭಾವನೆಯೂ ಅನೇಕರಲ್ಲಿ ನೆಲೆಸಿತು. ವಸ್ತುತಃ ತತ್ತ್ವಪದಕ್ಕೆ ಒಡೆಯನಾದ ರಾಗಸಂಯೋಜಕನಿಲ್ಲ. ಮುಸಲ್ಮಾನ ಮನೆತನದಲ್ಲಿ ಹುಟ್ಟಿ, ಬ್ರಾಹ್ಮಣನಾದ ಗೋವಿಂದ ಭಟ್ಟನಿಗೆ ಶಿಷ್ಯನಾದವನ ಪದವು ಹುಟ್ಟಿನಿಂದಲೇ ಬೆರಕೆ. ಏಕತಾರಿಯಿಂದ ಹಾರ್ಮೋನಿಯಂ ಪೆಟ್ಟಿಗೆಗೆ ಬಂದುದು ಗಿಟಾರಿಗೆ ಬಾರದೇಕೆ?

ಪರೀಕ್ಷಿಸಬೇಕಾದುದು ಮಾತು ಉಳಿಯಿತೆ ಎಂಬುದನ್ನು. ‘ಸೋರುತಿಹುದು ಮನೆಯ ಮಾಳಿಗಿ’ಯಲ್ಲಿ ಉಳಿದಿದೆ. ದೀಕ್ಷಿತರು ಅವಸರಪಡದೆ ಹಾಡುವರು. ಸೋರುವ ಮನೆಯು ಮೊದಲು ಮನೆಯಾಗಿಯೇ ಕಾಣುವುದು, ಬಳಿಕ ದೇಹವಾಗುವುದು. ಆ ತೆರಪನ್ನು ಕೊಟ್ಟುದೇ ಗಾಯಕನ ವಿವೇಕ. ‘ಗುಡುಗುಡಿಯ ಸೇದಿ ನೋಡೊ’ ಎಂಬುದರಲ್ಲಿ ಹಾಗಿಲ್ಲ. ತಾಳದ ಉತ್ಸಾಹವು ಮುಂದಾಗಿ ಕೇಳುವವನಿಗೆ ಗುಡುಗುಡಿ ದೊರೆಯುವುದೇ ಹೊರತು, ಅದರ ಬುರುಡೆ ಕೊಳವೆಗಳಲ್ಲಿ ಕವಿಯು ಕಂಡ ಶರೀರವು ದೊರೆಯದು. ಸಭೆ ಕುಣಿಯುವುದು, ನಿಜ. ಷರೀಫನು ಕುಣಿಸಲೆಂದೇ ಬರೆದವನಲ್ಲ.

2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡರ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಈ ಮೇಳಕ್ಕೆ ವಿದೇಶದ ಸಭೆಗಳು ತೆರೆದುವು. ಲುಂಗಿಯುಟ್ಟು ಗೆಜ್ಜೆ ಕಟ್ಟಿ ಹಾಡುವ ಗಾಯಕನನ್ನು ಕನ್ನಡವರಿಯದ ಜನರೂ ಮೆಚ್ಚಿದರು. ಮಾತು ತಿಳಿಯದ ಸಭೆಯ ಮುಂದೆ ತಾಳವನ್ನೇ ನೆಚ್ಚುವ ಆಸೆ ಸಹಜವಾದುದು. ಪದಕ್ಕೆ ಅಪಾಯವಿದ್ದುದೂ ಅಲ್ಲಿಯೇ. ಹಾಗಿದ್ದೂ 2013ರ ‘ಜಗ್ ಚಂಗಾ’ ಎಂಬ ಎರಡನೆಯ ಸಂಪುಟದಲ್ಲಿ ದೀಕ್ಷಿತರು ಮತ್ತೆ ಷರೀಫರಲ್ಲಿಗೇ ಹೋಗಿ ‘ಲೋಕದ ಕಾಳಜಿ’ಯನ್ನು ಎತ್ತಿಕೊಂಡರು. ಮೊದಲ ಸಂಪುಟದ ಹಲವು ದಾರಿಗಳಲ್ಲಿ ಅವರನ್ನು ಮರಳಿ ಕರೆದುದು ಈ ದಾರಿ.