ಪಶ್ಚಿಮಘಟ್ಟಗಳ ಎರಡು ವರದಿಗಳೂ ಗ್ರಾಮಸಭೆಯ ಸ್ಥಾನವೂ

ಪಶ್ಚಿಮಘಟ್ಟಗಳ ಸಂರಕ್ಷಣೆಯನ್ನು ಕುರಿತು ಕೇಂದ್ರ ಸರ್ಕಾರವು ಮಾಡಿಸಿದ ಎರಡು ವರದಿಗಳಲ್ಲಿ ಒಂದು ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ 2011ರಲ್ಲಿಯೂ, ಇನ್ನೊಂದು ಕೆ. ಕಸ್ತೂರಿರಂಗನ್ನರ ಅಧ್ಯಕ್ಷತೆಯಲ್ಲಿ 2013ರಲ್ಲಿಯೂ ಸಿದ್ಧವಾದುವು. ಇವುಗಳ ಮೇಲೆ ನಡೆದ ಚರ್ಚೆಯು ಬಹುಮಟ್ಟಿಗೆ ಎಷ್ಟು ಭೂಮಿಯನ್ನು ಸೂಕ್ಷ್ಮಪ್ರದೇಶಕ್ಕೆ ಸೇರಿಸಬೇಕೆಂಬ ಲೆಕ್ಕದಲ್ಲಿಯೇ ನಿಂತಿರುವುದು. ಹಳೆಯ ಕಾಡಿನ ಎಲ್ಲೆಯನ್ನು ಗೊತ್ತುಮಾಡುವ ಅಧಿಕಾರವು ಯಾರದೆಂಬ ಪ್ರಶ್ನೆಯಾದರೋ ಅದಕ್ಕಿಂತ ಮೂಲಭೂತವಾದುದು.

ಹಳೆಯ ಕಾಡು ಮಲೆನಾಡಿಗರಿಗೆ ಅಪರಿಚಿತವಾದ ವಸ್ತುವಲ್ಲ. ಸೊರಬ, ಸಿದ್ಧಾಪುರ, ಶಿರಸಿ ಸೀಮೆಗಳ ಕಾನುಗಳು ನೀರಿನ ಸೆಲೆಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ, ಗ್ರಾಮದೇವತೆಗೆ ನೆಲೆಯಾಗಿ ಉಳಿದುಬಂದುವು. ಸಿದ್ಧಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜೌಗಿನಲ್ಲಿ ದೊರೆತ ಗೇರಿನ ಬಳಗದ ಮರವೊಂದನ್ನು ಸಸ್ಯಶಾಸ್ತ್ರಜ್ಞರು 2000ದಲ್ಲಿ ಹೊಸ ಜಾತಿಯೆಂದು ವರ್ಣಿಸಿ, ಆ ಕಾನಿನ ಹೆಸರನ್ನೇ ಅದಕ್ಕಿಟ್ಟರು. ಇಲಾಖೆಯ ಕಾವಲು ಹುಟ್ಟುವುದಕ್ಕೆ ಎಷ್ಟೋ ಮುಂಚಿನಿಂದ ಇವನ್ನು ಕಾದವರು ಊರವರೇ.

ಗಾಡ್ಗೀಳರ ವರದಿಯು ಈ ಸಂಗತಿಯನ್ನು ಚೆನ್ನಾಗಿ ಅರಿತಿದೆ. ಘಟ್ಟಗಳನ್ನು ಮೂರು ದರ್ಜೆಯ ವಲಯಗಳಾಗಿ ವಿಭಾಗಿಸಿ, ಆ ವಿಭಾಗವು ತಾತ್ಕಾಲಿಕವೆಂದೂ ಅಂತಿಮವಾದ ಎಲ್ಲೆಗಳು ಗ್ರಾಮಸಭೆಗಳ ವಿಚಾರಣೆಯಿಂದಲೇ ನಿಶ್ಚಯವಾಗಬೇಕೆಂದೂ ಅದು ಹೇಳುವುದು. ತಮ್ಮ ನೆಲವನ್ನು ಸೂಕ್ಷ್ಮಪ್ರದೇಶವೆಂದು ಗಣಿಸಬೇಕೆಂದು ಸಿಂಧುದುರ್ಗ ಜಿಲ್ಲೆಯ 25 ಗ್ರಾಮಸಭೆಗಳು ತಾವಾಗಿಯೇ ಠರಾವು ಮಾಡಿದುದನ್ನು ವರದಿಯು ಸಾಕ್ಷ್ಯವಾಗಿ ಕೊಟ್ಟಿರುವುದು ಶ್ಲಾಘ್ಯವಾದುದು. ಆದರೆ ತತ್ತ್ವಕ್ಕೂ ವಿಧಾನಕ್ಕೂ ಇಲ್ಲಿ ಹೊಂದಿಕೆಯಿಲ್ಲ. ಸುಮಾರು 9 ಕಿಲೋಮೀಟರು ಬದಿಯ ಚೌಕಗಳು ಯಾವ ಊರಿನ ಗಡಿಯನ್ನೂ ಅನುಸರಿಸವು. ಇಂಗ್ಲಿಷಿನಲ್ಲಿ ರಚಿತವಾದ ಗ್ರಂಥವು ಮಂತ್ರಾಲಯದ ಬೀರುವಿನಲ್ಲಿ ತಿಂಗಳುಗಟ್ಟಲೆ ಕುಳಿತು, ಮಾಹಿತಿ ಹಕ್ಕಿನ ವ್ಯಾಜ್ಯವಾದ ಮೇಲೆ 2012ರ ಮೇ ತಿಂಗಳಲ್ಲಿ ಬೆಳಕು ಕಂಡಿತು. ಈ ವಿಳಂಬವು ವರದಿಕಾರರ ತಪ್ಪಲ್ಲವೆಂಬುದು ನಿಜ; ಆದರೂ ಗ್ರಾಮಸಭೆಗೆ ಕಡೆಯ ಮಾತನ್ನು ಕೊಟ್ಟ ವರದಿಯ ಸುದ್ದಿಯು ಗ್ರಾಮಕ್ಕೆ ಮೊದಲು ಮುಟ್ಟಿದುದು ವದಂತಿಯ ರೂಪದಲ್ಲಿ.

ಕಸ್ತೂರಿರಂಗನ್ನರ ವರದಿಯು ಚೌಕವನ್ನು ಬಿಟ್ಟು ಗ್ರಾಮವನ್ನೇ ಘಟಕವಾಗಿ ಹಿಡಿಯಿತು. ಉಪಗ್ರಹಚಿತ್ರಗಳ ಆಧಾರದ ಮೇಲೆ ಘಟ್ಟಪ್ರದೇಶದ ಶೇಕಡ 37ರಷ್ಟು, ಎಂದರೆ ಸುಮಾರು 60,000 ಚದರ ಕಿಲೋಮೀಟರು, ಸೂಕ್ಷ್ಮವೆನಿಸಿತು. ಕರ್ನಾಟಕದ ಪಾಲು 1,576 ಗ್ರಾಮಗಳು, 20,668 ಚದರ ಕಿಲೋಮೀಟರು. ಗ್ರಾಮದ ವಿಸ್ತೀರ್ಣದಲ್ಲಿ ಐದರಲ್ಲೊಂದು ಪಾಲು ಸೂಕ್ಷ್ಮವೆಂದು ಕಂಡರೆ ಸಾಕು, ಇಡೀ ಗ್ರಾಮವು ಪಟ್ಟಿಗೆ ಸೇರುವುದು. ಕಾನಿನೊಡನೆ ಅಡಕೆಯ ತೋಟ, ಗದ್ದೆ, ಮನೆಯಂಗಳಗಳೂ ಒಂದೇ ಹೆಸರಿನೊಳಗೆ ಬಂದುವು. ನಿಷೇಧವು ಮುಖ್ಯವಾಗಿ ಗಣಿ, ಕಲ್ಲುಕೋರೆ, ಉಷ್ಣವಿದ್ಯುತ್ ಸ್ಥಾವರ, ದೊಡ್ಡ ಕಟ್ಟಡಗಳು ಮೊದಲಾದುವಕ್ಕೆ ಸಂಬಂಧಿಸಿದುದೆಂಬುದನ್ನು ಬೇಸಾಯಗಾರನಿಗೆ ತಿಳಿಯಹೇಳುವ ಕಾರ್ಯವು ತಕ್ಕಷ್ಟು ನಡೆಯಲಿಲ್ಲ.

ಸ್ಥಳೀಯ ಜನರಿಗೆ ಆರ್ಥಿಕ ನಿರ್ಣಯಗಳಲ್ಲಿ ಪಾತ್ರವಿಲ್ಲವೆಂಬ ಧೋರಣೆಯನ್ನು ಈ ವರದಿಯಲ್ಲಿ ಕಂಡು, ಗಾಡ್ಗೀಳರು 2013ರ ಬಹಿರಂಗಪತ್ರದಲ್ಲಿ ಖಂಡಿಸಿದರು. ಆಕ್ಷೇಪವು ಅರ್ಧ ಮಾತ್ರ ಸಾಧುವಾದುದು. ಸೂಕ್ಷ್ಮಪ್ರದೇಶದಲ್ಲಿ ಬರುವ ಹೊಸ ಯೋಜನೆಗಳಿಗೆ ಗ್ರಾಮಸಭೆಯ ಪೂರ್ವಸಮ್ಮತಿಯು ಅವಶ್ಯವೆಂದು ಅದೇ ವರದಿಯು ವಿಧಿಸಿದೆ. ಇದು ಅಲ್ಪವಾದ ಅಧಿಕಾರವಲ್ಲ. ದೋಷವಿರುವುದು ಅನುಕ್ರಮದಲ್ಲಿ. ಎಲ್ಲೆಯನ್ನೆಳೆಯುವಾಗ ಕೇಳದೆ, ಎಲ್ಲೆಯೊಳಗೆ ಬಂದವರನ್ನು ಆಮೇಲೆ ಕೇಳುವುದಾದರೆ, ಅವರಿಗೆ ಉಳಿಯುವ ಉತ್ತರವು ನಕಾರವೊಂದೇ. ಮಲೆನಾಡಿನ ಪಂಚಾಯಿತಿಗಳು ಒಂದರ ಹಿಂದೊಂದು ವಿರೋಧದ ಠರಾವುಗಳನ್ನು ಮಾಡಿದುದು ಕಾಡಿನ ಮೇಲಣ ದ್ವೇಷದಿಂದಲೇ ಎಂದು ಭಾವಿಸುವವರು ಹಳಕಾರದ ವೃತ್ತಾಂತವನ್ನು ನೋಡಬೇಕು.

ಕುಮಟಾ ತಾಲ್ಲೂಕಿನ ಆ ಊರಿನಲ್ಲಿ 1920ರ ದಶಕದಿಂದ ಗ್ರಾಮ ಅರಣ್ಯ ಪಂಚಾಯಿತಿಯೊಂದು ನಡೆದುಬಂದಿದೆ. ಕಾವಲುಗಾರನನ್ನು ನೇಮಿಸಿ, ಸೌದೆ ಸೊಪ್ಪುಗಳಿಗೆ ಕಟ್ಟಳೆ ಮಾಡಿ, ಊರವರು ತಮ್ಮ ಬೆಟ್ಟವನ್ನು ಹಸಿರಾಗಿ ಉಳಿಸಿದರು. 1979ರಲ್ಲಿ ಇಂತಹ ಪಂಚಾಯಿತಿಗಳನ್ನು ರದ್ದುಗೊಳಿಸಲು ಸರ್ಕಾರವು ಹೊರಟಾಗ ಅವರು ನ್ಯಾಯಾಲಯದ ಮೆಟ್ಟಲನ್ನೇರಿ ಅದನ್ನು ತಡೆದರು. ಇಲ್ಲಿ ಕಾಡನ್ನು ಕಾಯುವ ಹಕ್ಕಿಗಾಗಿ ಗ್ರಾಮವೇ ಸರ್ಕಾರದೊಡನೆ ವ್ಯಾಜ್ಯವಾಡಿತು.

2014ರಿಂದ 2024ರವರೆಗೆ ಕೇಂದ್ರವು ಆರು ಬಾರಿ ಕರಡು ಅಧಿಸೂಚನೆಯನ್ನು ಹೊರಡಿಸಿತು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವಸಂಪುಟವು ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. 2006ರ ಅರಣ್ಯಹಕ್ಕು ಕಾಯಿದೆಯಾದರೋ ಸಮುದಾಯದ ಕಾಡನ್ನು ರಕ್ಷಿಸಿ ನಿರ್ವಹಿಸುವ ಹಕ್ಕನ್ನು ಗ್ರಾಮಸಭೆಗೆ ಆಗಲೇ ಕೊಟ್ಟಿದೆ. ಅದರ ಮೇರೆಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಹಕ್ಕುಪತ್ರಗಳನ್ನು ಪಡೆದುದು 2011ರಲ್ಲಿ, ಗಾಡ್ಗೀಳರ ವರದಿ ಸಿದ್ಧವಾದ ವರ್ಷದಲ್ಲಿಯೇ.