ಶಿವಮೊಗ್ಗೆಯ ಚಿತ್ರಕಾರ

ಗಿಡವೊಂದನ್ನು ಅದರ ಸಮೀಪದ ಜಾತಿಗಳಿಂದ ಬೇರ್ಪಡಿಸಿ ಗುರುತಿಸಲು ಬೇಕಾದ ಎಲೆಯ ಜೋಡಣೆ, ಕೇಸರ, ಅಂಡಾಶಯ, ಬೀಜಗಳನ್ನು ಅಳತೆ ತಪ್ಪದಂತೆ ದಾಖಲಿಸುವ ಚಿತ್ರಕ್ಕೆ ಸಸ್ಯಚಿತ್ರವೆಂದು ಹೆಸರು. ಹರ್ಬೇರಿಯಂ, ಅಂದರೆ ಒತ್ತಿ ಒಣಗಿಸಿದ ಗಿಡಗಳ ಸಂಗ್ರಹ, ಎಷ್ಟೇ ಸಮೃದ್ಧವಾಗಿದ್ದರೂ ಅದರಲ್ಲಿ ಬಣ್ಣ ನಿಲ್ಲುವುದಿಲ್ಲ. ಹಸಿರು ಹಳದಿಯಾಗಿ ಅರಳಿ ದಿನ ಕಳೆದಂತೆ ಕೆಂಪೇರುವ, ಹಿಂದಕ್ಕೆ ಬಾಗಿದ ಎಸಳುಗಳ ಅಗ್ನಿಶಿಖೆಯನ್ನು ಒತ್ತಿಟ್ಟರೆ ಆ ಬಾಗೂ ಆ ಕೆಂಪೂ ಎರಡೂ ಹೋಗುತ್ತವೆ. ಆದ್ದರಿಂದಲೇ ಶೋಧಯಾನದ ಹಡಗುಗಳು ಚಿತ್ರಕಾರರನ್ನು ಜೊತೆಗೊಯ್ದವು.

1768ರಲ್ಲಿ ಜೇಮ್ಸ್ ಕುಕ್‌ನ 'ಎಂಡೆವರ್' ಹಡಗನ್ನೇರಿದ ಚಿತ್ರಕಾರ ಸಿಡ್ನಿ ಪಾರ್ಕಿನ್ಸನ್, ತಟದಲ್ಲಿ ಗಿಡಗಳು ರಾಶಿಯಾಗಿ ಬಂದಾಗ ಎಲ್ಲವನ್ನೂ ಮುಗಿಸಲಾಗದೆ ರೇಖೆ ಎಳೆದು, ಒಂದೆರಡು ಎಲೆಗೂ ಹೂವಿಗೂ ಮಾತ್ರ ಬಣ್ಣ ತುಂಬಿ ಉಳಿದುದನ್ನು ಮುಂದಕ್ಕಿಟ್ಟನು. 1771ರಲ್ಲಿ ಹಿಂದಿರುಗುವ ದಾರಿಯಲ್ಲೇ ಅವನು ತೀರಿಕೊಂಡದ್ದರಿಂದ ನೂರಾರು ಚಿತ್ರಗಳು ಅಪೂರ್ಣವಾಗಿ ಉಳಿದವು.

ಕನ್ನಡನಾಡಿನಲ್ಲಿ ಇದೇ ಕೆಲಸಕ್ಕೆ ಬೇರೊಂದು ಅನುಕೂಲ ಒದಗಿತು. 1840ರ ದಶಕದ ನಡುವೆ ಶಿವಮೊಗ್ಗೆಯಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್, ಸಸ್ಯಶಾಸ್ತ್ರಜ್ಞ ವಿಲಿಯಂ ಹೂಕರ್‌ನ ಸಲಹೆಯಂತೆ ದಿನಕ್ಕೊಂದು ಗಿಡವನ್ನು ಅಭ್ಯಾಸ ಮಾಡುತ್ತ, ಭಾರತೀಯ ಚಿತ್ರಕಾರನೊಬ್ಬನಿಂದ ಅವುಗಳನ್ನು ಬರೆಸಿದನು. ಹಡಗಿನ ಆತುರವಿಲ್ಲದೆ, ಗಿಡ ಬಾಡುವ ಮೊದಲೇ ಕೆಲಸ ನಡೆಯುವ ಈ ಪದ್ಧತಿಯೇ ಸಸ್ಯಚಿತ್ರಕ್ಕೆ ಹೆಚ್ಚು ಒಗ್ಗುತ್ತದೆ. ಆ ಚಿತ್ರಗಳು ಇಂದು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಸಸ್ಯಶಾಸ್ತ್ರಜ್ಞ ಹೆನ್ರಿ ನೋಲ್ಟಿ 2016ರಲ್ಲಿ ಕ್ಲೆಗಾರ್ನ್ ಸಂಗ್ರಹದ ಕುರಿತು ಗ್ರಂಥವನ್ನೇ ಪ್ರಕಟಿಸಿದ್ದಾರೆ. ಬರೆಸಿದವನ ಜೀವನ ಇಷ್ಟು ವಿವರವಾಗಿ ತಿಳಿದಿರುವಾಗ, ಬರೆದವನ ಹೆಸರು ಮಾತ್ರ ದಾಖಲೆಗೆ ಸೇರದಿರುವುದು ಈ ಚರಿತ್ರೆಯ ದೊಡ್ಡ ನಷ್ಟ. ದಕ್ಷಿಣ ಭಾರತದ ಚಿತ್ರಕಾರರು ತಮ್ಮ ಪರಂಪರೆಯಿಂದ ತಂದ ಖಚಿತ ರೇಖೆ, ಗೋಂದು ಬೆರೆಸಿದ ಗಾಢ ಬಣ್ಣ, ಹಾಳೆಯ ತುಂಬ ಗಿಡವನ್ನು ಹರಡುವ ಬಗೆ, ಇವುಗಳನ್ನು ಗಮನಿಸದೆ ಇಂಥ ಚಿತ್ರಗಳನ್ನು ಯುರೋಪಿನ ವಿಜ್ಞಾನದ ಕೊಡುಗೆಯೆಂದಷ್ಟೇ ಎಣಿಸುವುದು ಸರಿಯಲ್ಲ.

1874ರಿಂದ 1908ರವರೆಗೆ ಜಾನ್ ಕ್ಯಾಮರಾನ್ ಮೇಲ್ವಿಚಾರಕನಾಗಿದ್ದ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಈ ಕಲೆ ಮುಂದುವರಿಯಿತು. ಅಲ್ಲಿನ ಗಿಡಗಳನ್ನು ಚಿತ್ರಿಸಿದ ಚೆಲುವಯ್ಯ ರಾಜು ಅವರ ಹೆಸರು ಮಾತ್ರ ಅದೃಷ್ಟವಶಾತ್ ಅಳಿಯಲಿಲ್ಲ. ಅವರ ಚಿತ್ರಗಳನ್ನು ನೋಡುವವರು ಮೊದಲು ಹೂವನ್ನಲ್ಲ, ಎಲೆಯ ತೊಟ್ಟು ಕಾಂಡವನ್ನು ಸೇರುವ ಜಾಗವನ್ನು ನೋಡಬೇಕು. ಚಿತ್ರಕಾರನ ಕಣ್ಣು ಎಷ್ಟು ಚುರುಕೆಂಬುದು ತಿಳಿಯುವುದು ಅಲ್ಲಿಯೇ.